ತುಂಗಭದ್ರೆಯ ಹರಿಗೋಲು: ದಾಟುವ ವಿದ್ಯೆ, ದಾಟದಿರುವ ವಿವೇಕ

ಹೊಸಪೇಟೆ, ಹಂಪಿ, ಕಂಪ್ಲಿಗಳ ಸೀಮೆಯಲ್ಲಿ ಮಳೆ ಕಡಿಮೆ. ಆದರೂ ಇಲ್ಲಿಯ ಹೊಳೆದಂಡೆಯ ಬದುಕನ್ನು ತಲೆಮಾರುಗಳಿಂದ ಎಚ್ಚರದಲ್ಲಿಟ್ಟಿರುವುದು ನೆರೆಯೇ. ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ ಹರಿದುಬರುವುದರಿಂದ, ಮಲೆನಾಡಿನಲ್ಲಿ ಸುರಿದ ಮುಂಗಾರು ಹಂಪಿಯ ಬಂಡೆಗಳ ನಡುವೆ ಪ್ರವಾಹವಾಗಿ ಏರುವಾಗ ಇಲ್ಲಿಯ ಆಕಾಶ ತಿಳಿಯಾಗಿರುವುದೂ ಉಂಟು. ಹಿಮಾಲಯದಲ್ಲಿ ಮೇಲಿನ ಹಿಮ ಗಟ್ಟಿಯಾಗಿ ಕಂಡರೂ ಅಡಿಯ ಪದರ ಸಡಿಲವಾಗಿದ್ದರೆ ಇಡೀ ಇಳಿಜಾರೇ ಕಳಚಿ ಹಿಮಕುಸಿತವಾಗುತ್ತದೆ. ಹಾಗೆಯೇ ಈ ನದಿಯ ಅಪಾಯವೂ ಕಣ್ಣಿಗೆ ಬೀಳುವ ಮೇಲ್ಮೈಯಲ್ಲಿರದೆ, ಮುಳುಗಿದ ಬಂಡೆಗಳಲ್ಲಿ, ಅವುಗಳ ಸುತ್ತ ಹುಟ್ಟುವ ಸುಳಿಗಳಲ್ಲಿ ಅಡಗಿರುತ್ತದೆ.

ಇಂಥ ನದಿಯನ್ನು ದಾಟಲು ಬಳಕೆಗೆ ಬಂದ ಸಾಧನವೇ ಹರಿಗೋಲು, ಎಂದರೆ ಬುಟ್ಟಿಯಂತೆ ದುಂಡಗೆ ಹೆಣೆದ ದೋಣಿ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ವೇಳೆಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆಚೆ ದಡದ ಆನೆಗೊಂದಿಗೆ ದಾಟುವ ಈ ದೋಣಿಗಳನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುವ ಈ ದೋಣಿಗಳು ನೇರವಾಗಿ ಸಾಗದೆ ಸದಾ ತಿರುಗುತ್ತಿದ್ದವು, ಕುದುರೆ, ಎತ್ತುಗಳನ್ನೂ ಅಗತ್ಯ ಬಿದ್ದಾಗ ಅವುಗಳಲ್ಲಿ ಸಾಗಿಸಬಹುದಿತ್ತಾದರೂ ಪ್ರಾಣಿಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವು. ಹಂಪಿಯ ಬಳಿ ಹಳೆಯ ಸೇತುವೆಯೊಂದರ ಕಲ್ಲುಕಂಬಗಳ ಸಾಲು ಇಂದಿಗೂ ಹೊಳೆಯಲ್ಲಿ ನಿಂತಿದೆ. ಸೇತುವೆ ಹೋದ ಮೇಲೂ ಅಲ್ಲಿಯ ತಳವಾರಘಟ್ಟದ ಕಡವಿನಲ್ಲಿ ಹರಿಗೋಲು ಉಳಿಯಿತು.

ಹರಿಗೋಲಿನ ಬಲವಿರುವುದು ಅದರ ಹಗುರತನದಲ್ಲಿ. ಬಿದಿರಿನ ಸೀಳುಗಳನ್ನು ಒಂದರೊಳಗೊಂದು ಹೊಗಿಸಿ ಹೆಣೆದ ಅದರ ಒಡಲು ಬಂಡೆಗೆ ತಾಗಿದರೆ ಮರದ ದೋಣಿಯಂತೆ ಸೀಳದೆ ಬಾಗಿ ಹಿಂದೆ ಸರಿಯುತ್ತದೆ. ತಳ ಚಪ್ಪಟೆಯಾದ್ದರಿಂದ ಅದು ತೆಳುನೀರಿನಲ್ಲಿಯೂ ತೇಲುತ್ತದೆ. ಚರ್ಮದ ಜಾಗಕ್ಕೆ ಮುಂದೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆಗಳು ಬಂದರೂ ಹೆಣಿಗೆಯ ತತ್ತ್ವ ಬದಲಾಗಲಿಲ್ಲ. ಅಂಬಿಗನು ಸೆಳವಿಗೆ ಎದುರಾಗದೆ, ಗುರಿಗಿಂತ ಸಾಕಷ್ಟು ಮೇಲಿನಿಂದ ಹೊರಟು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನತ್ತ ಎಳೆಯುತ್ತ, ಪ್ರವಾಹದೊಂದಿಗೆ ಓರೆಯಾಗಿ ಇಳಿದು ಆಚೆ ದಡ ಸೇರುತ್ತಾನೆ. ನೀರು ಕೆಂಪಾಯಿತೇ, ನೊರೆಯೊಂದಿಗೆ ಕಸಕಡ್ಡಿ ತೇಲಿಬಂತೇ, ನಿತ್ಯ ಕಾಣುವ ಬಂಡೆ ಮುಳುಗಿತೇ ಎಂಬುದನ್ನು ನೋಡಿ ಹುಟ್ಟನ್ನು ಕೆಳಗಿಡುವುದೂ ಈ ವಿದ್ಯೆಯ ಭಾಗವೇ.

ಹೊಸಪೇಟೆಯ ಬಳಿ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ನದಿಯ ಈ ಭಾಷೆ ಬದಲಾಯಿತು. ಮಳೆಯ ಲಯಕ್ಕೆ ಏರುತ್ತಿದ್ದ ನೀರು ಈಗ ಕ್ರೆಸ್ಟ್ ಗೇಟುಗಳು, ಎಂದರೆ ಅಣೆಕಟ್ಟಿನ ನೆತ್ತಿಯ ಮೇಲಿನ 33 ಬಾಗಿಲುಗಳು, ತೆರೆದಷ್ಟಕ್ಕೆ ಏರುತ್ತದೆ. ಹೊರಹರಿವು ಹೆಚ್ಚಿದಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ಹಂಪಿಯ ಎದುರಿನ ವಿರೂಪಾಪುರ ಗಡ್ಡೆ ಜಲಾವೃತವಾಗಿ, ಅಲ್ಲಿ ಸಿಲುಕಿದ ಪ್ರವಾಸಿಗರನ್ನು ದೋಣಿ ಮತ್ತು ಹೆಲಿಕಾಪ್ಟರುಗಳ ನೆರವಿನಿಂದ ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಕೆಳದಂಡೆಯ ಊರುಗಳಿಗೆ ನದಿಯ ಬಣ್ಣವಾಗಲಿ ಸದ್ದಾಗಲಿ ಮುನ್ಸೂಚನೆ ಕೊಡುವಂತಿರಲಿಲ್ಲ.

ಆದ್ದರಿಂದ ಅಂಬಿಗರ ಅನುಭವ ಹಳತಾಯಿತೆಂದು ತಳ್ಳಿಹಾಕುವುದೂ, ಅದೊಂದೇ ಸಾಕೆಂದು ನಂಬುವುದೂ ಸಮನಾದ ತಪ್ಪು. ಅಣೆಕಟ್ಟಿನ ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಪ್ರತಿಯೊಂದು ಕಡವನ್ನೂ ತಲುಪಬೇಕು. ತಲುಪಿದ ಮೇಲೆ, ಎಷ್ಟೇ ಅವಸರದ ಪ್ರಯಾಣಿಕನಿದ್ದರೂ, ದೋಣಿ ಬಿಡಲಾಗದು ಎಂಬ ಅಂಬಿಗನ ಮಾತೇ ಕೊನೆಯದಾಗಬೇಕು. ಪುರಂದರ ಮಂಟಪದ ಕಂಬಗಳಿಗೆ ನೀರು ಏರಿದ ದಿನ ದಡದಲ್ಲಿಯೇ ನಿಲ್ಲುವುದು ಈ ನದಿ ಐದು ಶತಮಾನಗಳಿಗೂ ಮೀರಿ ಕಲಿಸಿದ ಪಾಠ.