ತರಗಿನ ಬೆಂಕಿ

2024ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ಬಾಡಿಗೆಗಿರುವ ಮನೆಯ ಪಕ್ಕದ ಖಾಲಿ ಸೈಟಿಗೆ ಬೆಂಕಿ ಬಿತ್ತು. ಹಚ್ಚಿದವರು ಬೇರೆ ಯಾರೂ ಅಲ್ಲ, ಮನೆಯ ಮಾಲೀಕರಾದ ರಾಯರೇ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಅವರಿಗೆ ಆಗ ಎಂಟು ತಿಂಗಳು. ಬೇಸಿಗೆ ಕಾಲಿಡುವ ಹೊತ್ತಿಗೆ ಬೆಂಗಳೂರಿನ ಹೊಂಗೆ ಮರಗಳು ಒಮ್ಮೆಗೇ ಎಲೆ ಉದುರಿಸುತ್ತವೆ. ರಾಯರು ದಿನವೂ ಕಾಫಿ ಕುಡಿದು ಗೇಟಿನ ಮುಂದೆ ಗುಡಿಸಿ, ರಾಶಿ ಮಾಡಿ, ಕಡ್ಡಿ ಗೀರಿ, ಪೇಪರ್ ಓದಲು ಒಳಗೆ ಹೋಗುತ್ತಿದ್ದರು. ಆ ದಿನ ಗಾಳಿ ತಿರುಗಿತು. ಸೈಟಿನ ಒಣಹುಲ್ಲು ಹತ್ತಿಕೊಂಡು, ಅಲ್ಲಿಂದ ಕಾಂಪೌಂಡಿನ ತೆಂಗಿನ ಮರದಲ್ಲಿ ಜೋತುಬಿದ್ದಿದ್ದ ಒಣಗರಿಗೂ ಕಿಡಿ ಹಾರಿತು.

ಅದು ನೀರಿಲ್ಲದ ಬೇಸಿಗೆ. ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆ ತಿಂಗಳಷ್ಟೇ ಆದೇಶ ಹೊರಡಿಸಿತ್ತು. ಪಕ್ಕದ ಮನೆಯ ಮೇಷ್ಟ್ರು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವನ್ನೂ ಎರಡು ಡ್ರಮ್ಮುಗಳಲ್ಲಿ ಕೂಡಿಟ್ಟು ತಮ್ಮ ಮಲ್ಲಿಗೆ ಬಳ್ಳಿಯನ್ನೂ ಕನಕಾಂಬರವನ್ನೂ ಹೇಗೋ ಉಳಿಸಿಕೊಂಡಿದ್ದರು. ಎರಡೂ ಡ್ರಮ್ಮು ಬೆಂಕಿಗೆ ಖಾಲಿಯಾದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಖಾಲಿ ಬಕೆಟ್ ಹಿಡಿದು ನಿಂತ ಮೇಷ್ಟ್ರು, "ಎಲೆ ಸುಡೋನು ಗಿಡ ಯಾಕೆ ನೆಡ್ಬೇಕು ಮಾರಾಯ?" ಎಂದರು. ರಾಯರಿಗೂ ಅವಮಾನವಾಗಿತ್ತು. "ನಿಮ್ಮೂರಲ್ಲಿ ಅದು ಗೊಬ್ಬರ ಇರಬಹುದು ಕಣೋ, ಇಲ್ಲಿ ಅದು ಕಸ" ಎಂದು ಒಳಗೆ ಹೋದರು. ಇಪ್ಪತ್ತರ ವಯಸ್ಸಿನಲ್ಲಿ ಒಂದೇ ರೂಮಿನಲ್ಲಿದ್ದು, ನಿವೃತ್ತಿಯಾದ ಮೇಲೆ ಅಕ್ಕಪಕ್ಕ ಇರಬೇಕೆಂದು ಆಗಲೇ ಯೋಚಿಸಿ ಸೈಟು ಕೊಂಡವರು ಇವರು. ಒಂದು ವಾರ ಮಾತು ಬಿಟ್ಟರು.

ನಾನು ಸಂಶೋಧನೆ ಮಾಡುತ್ತಿರುವುದು ಹತ್ತೊಂಬತ್ತನೆಯ ಶತಮಾನದ ಅರಣ್ಯಾಡಳಿತದ ಬಗ್ಗೆ. ಆ ವಾರವೆಲ್ಲ ನನ್ನ ಟಿಪ್ಪಣಿಗಳ ನಡುವೆ ಈ ಇಬ್ಬರ ಜಗಳವೇ ಕೇಳಿಸುತ್ತಿತ್ತು. ಉದುರಿದ ಎಲೆ ಗೊಬ್ಬರವೋ ಕಸವೋ, ಅದಕ್ಕೆ ಬೆಂಕಿ ಇಡುವುದು ಬೇಸಾಯವೋ ಅಪರಾಧವೋ ಎಂಬ ತಕರಾರು ನಮ್ಮಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದು. ವಿಚಿತ್ರವೆಂದರೆ, ನಮ್ಮ ಕಡೆ ಅದನ್ನು ಸರ್ಕಾರಿ ಕಡತಕ್ಕೆ ತಂದವರಲ್ಲಿ ಮುಖ್ಯನಾದವನು ಒಬ್ಬ ತೋಟಪ್ರೇಮಿ.

ಅವನ ಹೆಸರು ಹ್ಯೂ ಕ್ಲೆಗಾರ್ನ್. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಕಂಪನಿಯ ವೈದ್ಯನಾಗಿ ಮರಳಿ ಬಂದವನು. 1840ರ ದಶಕದಲ್ಲಿ ಅವನಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಅಲ್ಲಿ ರೋಗಿಗಳಷ್ಟೇ ಗಿಡಗಳನ್ನೂ ನೋಡಿದ. ಸ್ಥಳೀಯ ಚಿತ್ರಕಾರನನ್ನು ಇಟ್ಟುಕೊಂಡು ಗಿಡಗಳ ಚಿತ್ರ ಬರೆಸಿದ. ಮಲೆನಾಡಿನಲ್ಲಿ ಅವನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಕುಮರಿ. ಚಳಿಗಾಲದಲ್ಲಿ ಕಾಡಿನ ಒಂದು ತುಂಡನ್ನು ಕಡಿದು, ಬೇಸಿಗೆಯಲ್ಲಿ ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ರಾಗಿ ಮುಂತಾದ ಧಾನ್ಯ ಬಿತ್ತುವುದು. ಒಂದೆರಡು ವರ್ಷದ ನಂತರ ಆ ಜಾಗವನ್ನು ಬಿಟ್ಟು ಮುಂದೆ ಹೋಗುವುದು. ಕ್ಲೆಗಾರ್ನನಿಗೆ ಇದು ಕಾಡನ್ನು ಕೊಲ್ಲುವ ಕೆಲಸವಾಗಿ ಕಂಡಿತು. ರಜೆಯ ಮೇಲೆ ಊರಿಗೆ ಹೋಗಿದ್ದಾಗ ಬ್ರಿಟಿಷ್ ವಿಜ್ಞಾನ ಸಂಘ ಉಷ್ಣವಲಯದ ಕಾಡುಗಳ ನಾಶದ ಬಗ್ಗೆ ವರದಿ ಕೇಳಿತು. 1851ರಲ್ಲಿ ಅದು ಸಿದ್ಧವಾಯಿತು. 1856ರಲ್ಲಿ ಅವನು ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು.

ಆ 1856ನೆಯ ಇಸವಿ ಬೆಂಗಳೂರಿಗೂ ಮುಖ್ಯವಾದದ್ದು. ಹೈದರಾಲಿ 1760ರಲ್ಲಿ ಶುರುಮಾಡಿದ್ದ ಲಾಲ್‌ಬಾಗ್ ಆ ವರ್ಷ ಸರ್ಕಾರಿ ಸಸ್ಯೋದ್ಯಾನವಾಯಿತು. ಅದಕ್ಕೆ ಸಲಹೆ ಕೊಟ್ಟವರಲ್ಲಿ ಇದೇ ಕ್ಲೆಗಾರ್ನ್ ಪ್ರಮುಖ. ಒಂದು ಕೈ ಮಲೆನಾಡಿನ ಬೆಂಕಿಯನ್ನು ಆರಿಸಲು ಹೊರಟಿತ್ತು, ಇನ್ನೊಂದು ಕೈ ಬೆಂಗಳೂರಿನಲ್ಲಿ ಉದ್ಯಾನ ಕಟ್ಟುತ್ತಿತ್ತು. ಅವನ ಮಟ್ಟಿಗೆ ಎರಡೂ ಒಂದೇ ಕೆಲಸ. ಅವನ ಪುಸ್ತಕದ ಹೆಸರೇ 'ದಕ್ಷಿಣ ಭಾರತದ ಕಾಡುಗಳು ಮತ್ತು ತೋಟಗಳು' ಎಂಬರ್ಥದ್ದು, 1861ರಲ್ಲಿ ಪ್ರಕಟವಾಯಿತು.

ಕಾಡನ್ನು ತೋಟದ ಹಾಗೆ ನೋಡುವ ಈ ದೃಷ್ಟಿಯಲ್ಲಿ ಬೇಸಿಗೆಗೆ ಜಾಗವಿರಲಿಲ್ಲ. ಆ ಕಾಲದ ಇಂಗ್ಲಿಷರ ತೋಟಗಾರಿಕೆಯಲ್ಲಿ, 1863ರಲ್ಲಿ ಕಲ್ಕತ್ತೆಯಲ್ಲಿ ಹೊರಬಂದ ಫರ್ಮಿಂಜರನ ಕೈಪಿಡಿಯೂ ಸೇರಿ, ಚಳಿಗಾಲದ ಹೂಗಳಿಗೇ ಮರ್ಯಾದೆ ಹೆಚ್ಚು. ಬೇಸಿಗೆ ಎಂದರೆ ಹೇಗೋ ಗಿಡ ಉಳಿಸಿಕೊಳ್ಳುವ ಕಾಲ. ನಮ್ಮ ಬೇಸಾಯದಲ್ಲಿ ಬೇಸಿಗೆಯೇ ಗೊಬ್ಬರದ ಕಾಲವಾಗಿತ್ತು. ಬಯಲುಸೀಮೆಯ ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದರು. ಮಲೆನಾಡಿನ ಅಡಿಕೆ ತೋಟದವರು ಬೇಸಿಗೆಯಲ್ಲಿ ಬೆಟ್ಟದ ದರಕು, ಅಂದರೆ ಒಣಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ದನದ ಸಗಣಿ, ಗಂಜಲ ಸೇರಿ ಅದು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿತ್ತು. ನಮ್ಮ ಮೇಷ್ಟ್ರು ಸಾಗರದ ಕಡೆಯವರು. ಬಾಲ್ಯದಲ್ಲಿ ದರಕು ಹೊತ್ತ ಕಲ್ಲಿಗಳ ಲೆಕ್ಕ ಅವರಿಗೆ ಈಗಲೂ ಬಾಯಿಗೆ ಬರುತ್ತದೆ.

ಆದರೆ ಮೇಷ್ಟ್ರ ಪಕ್ಷ ವಹಿಸುವ ಮುಂಚೆ ಒಂದು ವಿಷಯ ಹೇಳಲೇಬೇಕು, ಅವರಿಗೂ ಹೇಳಿದ್ದೇನೆ. ಕುಮರಿಯವರ ಕೈಯಿಂದ ಬೆಂಕಿ ಕಸಿದುಕೊಂಡ ಆಡಳಿತ, ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟದ ಸವಲತ್ತನ್ನು ಕೊಟ್ಟಿತು. ತೋಟದ ಒಂದೊಂದು ಎಕರೆಗೂ ಸೊಪ್ಪು, ದರಕು ತರಲು ಹಲವು ಎಕರೆ ಕಾಡು. ತೋಟದವರು ಖಾಯಂ ಕಂದಾಯ ಕಟ್ಟುವ ಭೂಮಾಲೀಕರು. ಕುಮರಿ ಮಾಡುವವರು ಇವತ್ತು ಇಲ್ಲಿ, ನಾಳೆ ಅಲ್ಲಿ. ಎಲೆಯನ್ನು ಹೊತ್ತು ತರುವುದು ಹಕ್ಕಾಯಿತು, ಎಲೆಯನ್ನು ಇದ್ದಲ್ಲೇ ಸುಡುವುದು ಅಪರಾಧವಾಯಿತು. ಇದರಲ್ಲಿ ಕಾಡಿನ ಹಿತ ಎಷ್ಟಿತ್ತು, ಕಂದಾಯ ಮತ್ತು ಜಾತಿಯ ಲೆಕ್ಕ ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ, ಎರಡನೆಯದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹೀಗೆಂದಾಗ ಮೇಷ್ಟ್ರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ದರಕು ಗುಡಿಸ್ತಾ ಇದ್ದದ್ದು ನಾವೊಬ್ಬರೇ ಅಲ್ಲ, ನಮ್ಮನೆ ಆಳುಗಳೂ ಗುಡಿಸ್ತಿದ್ರು. ಅವರಿಗೆ ಬೆಟ್ಟ ಇರಲಿಲ್ಲ" ಎಂದರು.

ಕಾನೂನು ಬಿಗಿಯಾಗುತ್ತ ಹೋಯಿತು. 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರ್ದೇಶಕನಾದ. 1878ರ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದು ಶಿಕ್ಷಾರ್ಹ. ಮೈಸೂರು ಸಂಸ್ಥಾನದ ಅರಣ್ಯ ನಿಬಂಧನೆ ಬಂದದ್ದು 1900ರಲ್ಲಿ. ಇದರ ನಡುವೆ ಇಲಾಖೆಯೊಳಗೇ ಅಪಸ್ವರವೂ ಇತ್ತು. 1896ರಲ್ಲಿ ಸ್ಲೇಡ್ ಎಂಬ ಅಧಿಕಾರಿ, ಬರ್ಮಾದಲ್ಲಿ ಬೆಂಕಿಯಿಂದ ಅತಿಯಾಗಿ ಕಾಪಾಡಿದ್ದರಿಂದಲೇ ತೇಗದ ಸಸಿಗಳು ಏಳುತ್ತಿಲ್ಲ ಎಂದು ಬರೆದ. ಆದರೂ ಬೆಂಕಿ ಎಂದರೆ ಶತ್ರು ಎಂಬ ಮಾತೇ ಗಟ್ಟಿಯಾಗಿ ಉಳಿಯಿತು.

ಅದರ ಬೆಲೆ ಏನೆಂದು ತಿಳಿಯಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಮಾತಿದೆ. ಬೇಸಿಗೆ ಬಲಿಯುವ ಮುಂಚೆ, ಹುಲ್ಲು ಪೂರ್ತಿ ಒಣಗದೆ ಇರುವಾಗಲೇ, ನೆಲದ ಮೇಲಿನ ತರಗೆಲೆಗೆ ಇಡುವ ಸಣ್ಣ ಬೆಂಕಿ ಅದು. ಮೊಣಕಾಲೆತ್ತರಕ್ಕೆ ಹರಿದು ಆರಿಹೋಗುತ್ತದೆ, ದೊಡ್ಡ ಮರವನ್ನು ಮುಟ್ಟುವುದಿಲ್ಲ. ಉಣ್ಣೆ ಸಾಯುತ್ತದೆ, ಹೊಸ ಹುಲ್ಲು ಬರುತ್ತದೆ, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬದನಿಕೆ ಹಿಡಿತದಲ್ಲಿರುತ್ತದೆ ಎಂಬುದು ಅವರ ಅನುಭವ. 1972ರ ವನ್ಯಜೀವಿ ಕಾಯ್ದೆಯ ಬೆನ್ನಿಗೇ, 1974ರಲ್ಲಿ, ಆ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ನಿಂತ ಮೇಲೆ ಅಲ್ಲಿ ಲಂಟಾನ ಹಬ್ಬಿತು. 1997ರಿಂದ 2008ರ ನಡುವೆ ಅದು ಕಾಣಿಸಿಕೊಂಡ ಜಾಗಗಳು ಸುಮಾರು ಇಮ್ಮಡಿಯಾದದ್ದನ್ನು ಸೋಲಿಗರ ಜೊತೆ ಕೆಲಸ ಮಾಡಿದ ಸಂಶೋಧಕರು ದಾಖಲಿಸಿದ್ದಾರೆ. ಸೋಲಿಗರ ವಿವರಣೆ ಸರಳ: ತರಗು ಬೆಂಕಿ ಲಂಟಾನದ ಬೀಜವನ್ನೂ ಎಳೆ ಗಿಡವನ್ನೂ ಸುಡುತ್ತಿತ್ತು. ಪೊದೆ ಬಲಿತ ಮೇಲೆ ಬೆಂಕಿ ಬಿದ್ದರೆ ಅದೇ ಸೌದೆ, ಉರಿ ಮರದ ತಲೆಗೇ ಏರುತ್ತದೆ.

ಈ ಲಂಟಾನ ನಮ್ಮ ನೆಲದ್ದಲ್ಲ. ಹೂವು ಚೆಂದ, ಬೇಲಿಗೂ ಆಗುತ್ತದೆ ಎಂದು 1800ರ ದಶಕದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಅಮೆರಿಕ ಖಂಡದ ಗಿಡ. ಉದ್ಯಾನದಿಂದ ಬಂಗಲೆಗೆ, ಬಂಗಲೆಯಿಂದ ಹಕ್ಕಿಯ ಹೊಟ್ಟೆ ಸೇರಿ ಕಾಡಿಗೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದು, ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟು, ವಾಯುಪಡೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿದಾಗ, ಉರಿಯಲು ಸಿಕ್ಕಿದ್ದರಲ್ಲಿ ಈ ತೋಟದ ಗಿಡದ ಪಾಲೂ ದೊಡ್ಡದಿತ್ತು. ಎಲ್ಲ ತಪ್ಪನ್ನೂ ಲಂಟಾನದ ಮೇಲೆ ಹೊರಿಸುವುದು ಸುಲಭ, ಸರಿಯಲ್ಲ; ಒಣ ವರ್ಷ, ಗಾಳಿ, ಕಿಡಿ ಇಟ್ಟ ಕೈ ಎಲ್ಲವೂ ಇದ್ದವು. ಆದರೂ ಬೆಂಕಿಯೇ ಬೇಡವೆಂದ ತೋಟಗಾರರು ಕಾಡಿಗೆ ಬಿಟ್ಟುಹೋದದ್ದು ಬೆಂಕಿಯ ಗಿಡವನ್ನು ಎಂಬ ವ್ಯಂಗ್ಯ ನನ್ನನ್ನು ಬಿಟ್ಟಿಲ್ಲ.

ಆ ತೋಟಗಾರರೆಲ್ಲ ಕೊನೆಗೆ ಏನಾದರು? ಇದನ್ನು ಕೇಳಿದವರು ರಾಯರು. ನಿವೃತ್ತರಿಗೆ ಬೇರೆಯವರ ನಿವೃತ್ತಿಯ ಬಗ್ಗೆ ವಿಶೇಷ ಕುತೂಹಲವಿರುತ್ತದೆ. ಕ್ಲೆಗಾರ್ನ್ 1860ರ ದಶಕದ ಕೊನೆಗೆ ಸ್ಕಾಟ್ಲೆಂಡಿನ ಸ್ಟ್ರಾವಿತಿ ಎಂಬ ತನ್ನ ಜಮೀನಿಗೆ ಮರಳಿ, ಮರ ಬೆಳೆಸುವವರ ಸಂಘದಲ್ಲಿ ತೊಡಗಿಕೊಂಡು ನೆಮ್ಮದಿಯಾಗಿದ್ದ, ತೀರಿಕೊಂಡದ್ದು 1895ರಲ್ಲಿ. 1834ರಿಂದ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ನಂದಿಬೆಟ್ಟದ ಬಂಗಲೆ ಬಹಳ ಇಷ್ಟ. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟವನು ಸೂಯೆಜ್ ದಾಟಲಿಲ್ಲ, ಅಲ್ಲೇ ತೀರಿಕೊಂಡ. ನಮ್ಮ ಬೀದಿಗಳಿಗೆ ಒಂದಾದ ಮೇಲೊಂದು ಹೂಬಿಡುವ ಮರಗಳನ್ನು ಯೋಚಿಸಿ ನೆಡಿಸಿದ ಕ್ರುಂಬಿಗಲ್ ಜರ್ಮನಿಯವನು. 1908ರಲ್ಲಿ ಬೆಂಗಳೂರಿಗೆ ಬಂದು 1932ರಲ್ಲಿ ನಿವೃತ್ತನಾದ ಮೇಲೂ ಇಲ್ಲೇ ಉಳಿದ. ಎರಡನೆಯ ಮಹಾಯುದ್ಧದಲ್ಲಿ ಶತ್ರುದೇಶದವನೆಂದು ಬಂಧನದಲ್ಲಿದ್ದು, ಮತ್ತೆ ಇಲ್ಲಿಗೇ ಬಂದು, 1956ರಲ್ಲಿ ತೀರಿಕೊಂಡು ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಲಗಿದ್ದಾನೆ. "ಆ ಮರಗಳ ಎಲೆ ಯಾರು ಗುಡಿಸ್ಬೇಕು ಅಂತ ಅವನೇನಾದ್ರೂ ಬರೆದಿಟ್ಟಿದ್ದಾನಾ?" ಎಂದು ರಾಯರು ಕೇಳಿದರು. ತಮಾಷೆಗೆ ಕೇಳಿದ್ದು. ಆದರೆ ಬೀದಿಯ ಎಲೆ ಗುಡಿಸುವವರು ಪೌರಕಾರ್ಮಿಕ ಹೆಂಗಸರು, ಸುಟ್ಟಾಗ ಮೊದಲು ಹೊಗೆ ಕುಡಿಯುವವರೂ ಅವರೇ. ಕಸವನ್ನು ಬಯಲಲ್ಲಿ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಅಷ್ಟು ಎಲೆಯನ್ನು ಎಲ್ಲಿಗೆ ಹೊರಬೇಕೆಂದು ಮಾತ್ರ ಅವರಿಗೆ ಯಾರೂ ಹೇಳಿದಂತಿಲ್ಲ.

ಮೇಷ್ಟ್ರು-ರಾಯರ ಮೌನ ಮುರಿದದ್ದು ಎಂಟನೆಯ ದಿನ. ರಾಯರು ಕಬ್ಬಿಣದ ಜಾಲರಿ ತಂದು, ಯಾರನ್ನೂ ಕೇಳದೆ, ಗೇಟಿನ ಪಕ್ಕ ಎದೆಯೆತ್ತರದ ಒಂದು ಗೂಡು ಸುತ್ತಿ ನಿಲ್ಲಿಸಿದರು. ಸೊಟ್ಟಗಿತ್ತು. ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಸ್ವಲ್ಪ ಹೊತ್ತು ನೋಡಿ, "ಬರೀ ಎಲೆ ತುಂಬಿದ್ರೆ ವರ್ಷ ಆದ್ರೂ ಕೊಳೆಯೋಲ್ಲ, ನಡುನಡುವೆ ಸಗಣಿ ಹಾಕ್ಬೇಕು" ಎಂದರು. ಸಗಣಿ ಎಲ್ಲಿಂದ ತರುವುದೆಂಬ ಚರ್ಚೆಯಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಹುಳಿ ಮಜ್ಜಿಗೆ, ಅಡುಗೆಮನೆಯ ಸಿಪ್ಪೆ, ಪಕ್ಕದ ರಸ್ತೆಯ ಹಾಲಿನವರಿಂದ ಎರಡು ಬುಟ್ಟಿ ಸಗಣಿ ಬಂದವು. ಬೀದಿ ಗುಡಿಸುವ ಅಕ್ಕ ಈಗ ತನ್ನ ಗಾಡಿಯ ಎಲೆಯನ್ನೂ ಇಲ್ಲೇ ಸುರಿದು ಹೋಗುತ್ತಾರೆ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು ನನ್ನನ್ನೂ ಕರೆದರು. ಮೇಲಿನ ಪದರ ಸರಿಸಿ, "ಕೈ ಹಾಕಿ ನೋಡಿ ರಾಯರೇ" ಎಂದರು. ಜಗಳವಾದಾಗಿನಿಂದ ಅವರು ಗೆಳೆಯನನ್ನು ಬಹುವಚನದಲ್ಲೇ ಕರೆದು ಕಾಡಿಸುತ್ತಿದ್ದರು. ರಾಯರು ಮೊಣಕೈವರೆಗೆ ಕೈ ತೂರಿಸಿ, ಸರಕ್ಕನೆ ಹೊರಗೆಳೆದುಕೊಂಡರು.

"ಒಳಗೆ ಸುಡ್ತಿದೆಯಲ್ಲೋ!"

ಹೊಗೆಯಿರಲಿಲ್ಲ. ತೆರೆದ ಜಾಗದಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮೇಷ್ಟ್ರು ಒಂದು ಚೊಂಬು ತರಕಾರಿ ತೊಳೆದ ನೀರು ಚಿಮುಕಿಸಿ, ಮತ್ತೆ ಎಲೆ ಮುಚ್ಚಿದರು.