ತಪ್ಪಿಗೂ ಒಂದು ವಿಳಾಸ

ಬೆಂಗಳೂರಿನಲ್ಲಿ ತಂತ್ರಾಂಶ ಪರೀಕ್ಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. “ನಿನ್ನ ಕೆಲಸವೇನಮ್ಮಾ?” ಎಂದೆ. “ತಪ್ಪು ಹುಡುಕುವುದು ಸಾರ್. ಹುಡುಕಿದರಷ್ಟೇ ಸಾಲದು. ಎಲ್ಲಿ ಬಂತು, ಯಾವ ಬಗೆಯದು, ಎಷ್ಟು ಗಂಭೀರ ಎಂದು ದಾಖಲಿಸಬೇಕು” ಎಂದಳು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್-2 ಗಣಕಯಂತ್ರದೊಳಗೆ ಸಿಕ್ಕಿದ ಪತಂಗವೊಂದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟ ಕಥೆಯನ್ನೂ ಹೇಳಿದಳು.

ನನಗೆ ನಮ್ಮ ಸೀಮೆಯ ಶಾಸನ ಸಂಪುಟಗಳು ನೆನಪಾದವು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿಯೂ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವು 1898ರ ನಾಲ್ಕನೆಯದರಲ್ಲಿಯೂ ಅಚ್ಚಾದವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ಅವನ್ನು ಪರಿಷ್ಕರಿಸಿದಾಗ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು 1977ರ ಆರನೆಯ ಸಂಪುಟಕ್ಕೂ, ನಾಗಮಂಗಲವು 1979ರ ಏಳನೆಯದಕ್ಕೂ ಸೇರಿದವು.

ಅಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಸಾಲುಗಳ ಎಣಿಕೆ ಇವೆ. ಆದುದರಿಂದ ಯಾರೇ ತಪ್ಪು ಕಂಡರೂ ಇಂಥ ತಾಲ್ಲೂಕಿನ ಇಂಥ ಶಾಸನದ ಇಂಥ ಸಾಲು ಎಂದು ಬೆರಳಿಟ್ಟು ತೋರಿಸಬಹುದು. ತಪ್ಪುಗಳಲ್ಲಿಯೂ ಜಾತಿಗಳುಂಟು. ಕಲ್ಲು ಸವೆದು ‘ಮ’ಕಾರ ‘ವ’ಕಾರದಂತೆ ಕಂಡರೆ ಅದು ಓದಿದವರ ತಪ್ಪು. ಅಚ್ಚಿನಲ್ಲಿ ಅಕ್ಷರ ಬಿದ್ದುಹೋದರೆ ಮುದ್ರಣದ ತಪ್ಪು. ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ ತಾಳೆಯಾಗದಿದ್ದರೆ ಕೆಲವೊಮ್ಮೆ ಬರೆಸಿದವರದೇ ತಪ್ಪು. ಈ ಕಡೆಯದನ್ನು ಸಂಪಾದಕರು ಅಳಿಸುವಂತಿಲ್ಲ. ಮೂಲವನ್ನು ಹಾಗೆಯೇ ಉಳಿಸಿ, ಸರಿರೂಪವನ್ನು ಬೇರೆಯಾಗಿ ಸೂಚಿಸುತ್ತಾರೆ. ಗಾಂಭೀರ್ಯವೂ ಒಂದೇ ಸಮನಲ್ಲ. ಪ್ರತ್ಯಯವೊಂದು ತಪ್ಪಿದರೆ ವ್ಯಾಕರಣಕ್ಕಷ್ಟೇ ನಷ್ಟ. ಅರಸನ ಹೆಸರೋ ವರ್ಷವೋ ತಪ್ಪಿದರೆ ಚರಿತ್ರೆಯೇ ಪಲ್ಲಟವಾಗುತ್ತದೆ.

ಇಷ್ಟು ತಿಳಿದಿದ್ದ ನಾನೇ ಒಮ್ಮೆ ಎಡವಿದೆ. ಒಂಬತ್ತನೆಯ ತರಗತಿಯಲ್ಲಿ ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವ ಐದು ಲೆಕ್ಕಗಳನ್ನು ಕೊಟ್ಟಿದ್ದೆ. ಹುಡುಗನೊಬ್ಬನ ಐದೂ ಉತ್ತರಗಳು ತಪ್ಪಾಗಿದ್ದವು. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ಎಲ್ಲರೆದುರು ಗದರಿದೆ. ಅಂದಿನಿಂದ ಅವನು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ವರ್ಷದ ಕೊನೆಗೆ ಹಳೆಯ ಹಾಳೆಗಳನ್ನು ಕಟ್ಟಿಡುವಾಗ ನೋಡಿದೆ: 78 ಕೂಡುವುದರ ಬದಲು ಐದು ಕಡೆಯೂ ಕಳೆದಿದ್ದ. ಅವನು ಮಾಡಿದ್ದು ಐದು ತಪ್ಪಲ್ಲ, ಒಂದೇ ತಪ್ಪು. ಒಂದು ಮಾತಿನಲ್ಲಿ ತಿದ್ದಬಹುದಾಗಿತ್ತು. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದ.

ತಪ್ಪನ್ನು ಎಣಿಸುವುದು ಸುಲಭ. ಅದರ ಬಗೆಯನ್ನು ಅರಿತರೆ ಮಾತ್ರ ತಿದ್ದಲು ಬರುತ್ತದೆ. ಅಪ್ಪಾ, ನೀನೆಲ್ಲಾದರೂ ಇದನ್ನು ಓದುತ್ತಿದ್ದರೆ, ಅಂದಿನ ಆರನೆಯ ತಪ್ಪು ನಿನ್ನ ಮೇಷ್ಟರದು ಎಂದು ಬರೆದುಕೊ.