ವಿಕಲಚೇತನ ವಿದ್ಯಾರ್ಥಿಗಳಿಗೆ ಸಹಾಯಕ ಸಾಧನಗಳು ಹಾಗೂ ಗಣಕಯಂತ್ರದ ಬಳಕೆ
(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು)

ಬೆಳಗಾವಿ ಜಿಲ್ಲೆಯ ಮೇಲ್ಕಂಡ ತಾಲ್ಲೂಕುಗಳ ವಿದ್ಯಾರ್ಥಿಗಳು, ಪೋಷಕರು ಹಾಗೂ ಶಾಲಾ ಮುಖ್ಯಸ್ಥರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾನೂನಿನ ಆಧಾರ: ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದ್ದು, 21 ಬಗೆಯ ವಿಕಲತೆಗಳನ್ನು ಒಳಗೊಂಡಿರುತ್ತದೆ. ಪ್ರಕರಣ 17ರ ಮೇರೆಗೆ, ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸತಕ್ಕದ್ದು.

ಸಾಧನಗಳು:
1. ಅಂಧರಿಗೆ: ಬ್ರೈಲ್ ಪುಸ್ತಕ ಮತ್ತು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್.ವಿ.ಡಿ.ಎ. ತಂತ್ರಾಂಶವು ಉಚಿತವಾಗಿದ್ದು, ಕನ್ನಡವನ್ನೂ ಓದುತ್ತದೆ.
2. ಮಂದದೃಷ್ಟಿಯವರಿಗೆ: ಭೂತಗನ್ನಡಿ, ದೊಡ್ಡಕ್ಷರದ ಪುಸ್ತಕ.
3. ಶ್ರವಣದೋಷವುಳ್ಳವರಿಗೆ: ಶ್ರವಣ ಸಾಧನ.
4. ದೈಹಿಕ ವಿಕಲತೆಯುಳ್ಳವರಿಗೆ: ಗಾಲಿಕುರ್ಚಿ, ಊರುಗೋಲು, ತ್ರಿಚಕ್ರ ವಾಹನ.

ಶಾಲೆಗಳ ಗಮನಕ್ಕೆ: ಸ್ಕ್ಯಾನ್ ಮಾಡಿದ ಪ್ರತಿಯು ಕೇವಲ ಚಿತ್ರವಾದ್ದರಿಂದ ತಂತ್ರಾಂಶವು ಅದನ್ನು ನೇರವಾಗಿ ಓದಲಾರದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಬರಹವು ಅರ್ಥವಿಲ್ಲದ ಸದ್ದಾಗಿ ಕೇಳಿಬರುತ್ತದೆ. ಇಂತಹ ಟಿಪ್ಪಣಿ, ವೇಳಾಪಟ್ಟಿಗಳು ಅಂಧ ವಿದ್ಯಾರ್ಥಿಯ ಪಾಲಿಗೆ ಖಾಲಿ ಹಾಳೆಗೆ ಸಮಾನ. ಆದುದರಿಂದ ಯೂನಿಕೋಡ್ ಕನ್ನಡವನ್ನೇ ಬಳಸುವುದು ಹಾಗೂ ಚಿತ್ರಗಳಿಗೆ ವಿವರಣೆಯನ್ನು ಬರೆಯುವುದು ಅವಶ್ಯಕ.

ಸಂಪರ್ಕ: ವೈದ್ಯಕೀಯ ಪ್ರಮಾಣಪತ್ರ ಅಥವಾ ಯು.ಡಿ.ಐ.ಡಿ. ಗುರುತಿನ ಚೀಟಿಯೊಂದಿಗೆ ಶಾಲಾ ಮುಖ್ಯಸ್ಥರ ಮೂಲಕ ಆಯಾ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.